ದಸರೆಗೆ ಬೆಜವಾಡಕ್ಕೆ ಬರುವ ಮೊಮ್ಮಕ್ಕಳಿಗೆ

ಮಕ್ಕಳೇ, ನೀವು ಓದುವ ಸಾಹಸದ ಕಥೆಗಳಲ್ಲಿ ಒಂದು ಸಣ್ಣ ಮೋಸವಿದೆ. ಅಪ್ಪ ಅಮ್ಮನಿಂದ ಅಗಲಿದ ಅಣ್ಣ ತಂಗಿ ಕಾಡಿಗೆ ನುಗ್ಗುತ್ತಾರೆ, ಹೊಳೆ ಈಜುತ್ತಾರೆ, ಕಳ್ಳರ ಕಣ್ಣಿಗೆ ಮಣ್ಣೆರಚುತ್ತಾರೆ, ಕಡೆಯ ಪುಟದಲ್ಲಿ ಮನೆ ಸೇರುತ್ತಾರೆ. ಅಷ್ಟು ದಿನವೂ ಆ ಅಮ್ಮ ಎಲ್ಲಿದ್ದಳು, ಏನು ಮಾಡುತ್ತಿದ್ದಳು ಅಂತ ಕಥೆ ಬರೆದವರು ಹೇಳುವುದೇ ಇಲ್ಲ. ಅವಳೂ ಮಕ್ಕಳನ್ನು ಹುಡುಕುತ್ತಾ ಊರೂರು ಅಲೆಯುತ್ತಿದ್ದರೆ? ಇವರು ಮೂಡಣಕ್ಕೆ, ಅವಳು ಪಡುವಣಕ್ಕೆ ಹೋದರೆ ಕಥೆ ಮುಗಿಯುವ ಬಗೆ ಹೇಗೆ? ಒಬ್ಬರಾದರೂ ಒಂದು ಕಡೆ ನಿಂತಿದ್ದರೆ ತಾನೇ ಇನ್ನೊಬ್ಬರು ಬಂದು ಸೇರಲು ಸಾಧ್ಯ? ದಸರೆಯಲ್ಲಿ ನನ್ನ ಜೊತೆ ಕನಕದುರ್ಗಮ್ಮನ ಗುಡಿಯಿರುವ ಇಂದ್ರಕೀಲಾದ್ರಿ ಗುಡ್ಡ ಹತ್ತುವವರು ನೀವು. ಅದಕ್ಕೇ ಈ ಮಾತನ್ನು ಮೊದಲೇ ಕಿವಿಗೆ ಹಾಕುತ್ತಿದ್ದೇನೆ.

ಈ ಗುಡ್ಡಕ್ಕೂ ಅಗಲಿದ ಮನೆಯವರ ಕಥೆಯೊಂದು ಅಂಟಿಕೊಂಡಿದೆ. ಪಾಶುಪತಾಸ್ತ್ರಕ್ಕಾಗಿ ಅರ್ಜುನ ತಪಸ್ಸಿಗೆ ಕೂತದ್ದು, ಬೇಡನ ವೇಷದಲ್ಲಿ ಬಂದ ಶಿವನೊಡನೆ ಕಾದಿದ್ದು ಇಲ್ಲೇ ಎಂದು ಇಲ್ಲಿಯವರ ನಂಬಿಕೆ. ಅವನಿಗೆ ವಿಜಯ ಎಂದೂ ಹೆಸರಲ್ಲವೇ, ನಮ್ಮ ಬೆಜವಾಡದ ಇನ್ನೊಂದು ಹೆಸರಾದ ವಿಜಯವಾಡಕ್ಕೂ ಅದನ್ನೇ ತಳುಕು ಹಾಕುತ್ತಾರೆ. ಮಹಾಭಾರತದಲ್ಲಿ ನೋಡಿದರೆ ಇಂದ್ರಕೀಲ ಹಿಮಾಲಯದ ಕಡೆಗಿದೆ. ದರ್ಶನದ ಕ್ಯೂನಲ್ಲಿ ನಿಂತು ಇದನ್ನು ಯಾರ ಜೊತೆಗೂ ವಾದಕ್ಕೆ ಹಚ್ಚಬೇಡಿ. ಈ ಮಾತು ಮುಖ್ಯವಾಗಿ ದೊಡ್ಡವನಿಗೆ.

ನಾನು ಹೇಳಬೇಕಾದದ್ದು ತಪಸ್ಸಿನ ಮುಂದಿನ ಕಥೆ. ಅಸ್ತ್ರ ಪಡೆದ ಅರ್ಜುನ ಇಂದ್ರಲೋಕಕ್ಕೆ ಹೋಗಿ ಐದು ವರ್ಷ ಅಲ್ಲೇ ಉಳಿದ. ಇತ್ತ ಕಾಡಿನಲ್ಲಿ ದ್ರೌಪದಿಗೂ ಅಣ್ಣ ತಮ್ಮಂದಿರಿಗೂ ಅವನಿಲ್ಲದೆ ದಿನ ಹೋಗುತ್ತಿಲ್ಲ. ಹಾಗಂತ ಅವರು ದಿಕ್ಕು ಸಿಕ್ಕ ಕಡೆ ಹುಡುಕಿಕೊಂಡು ಹೊರಡಲಿಲ್ಲ. ಲೋಮಶ ಮುನಿ ಅರ್ಜುನನ ಸುದ್ದಿ ತಂದ, ಅವನೇ ದಾರಿ ತೋರಿಸಿದ, ಅವನ ಹಿಂದೆ ತೀರ್ಥಗಳನ್ನು ಸುತ್ತಿಕೊಂಡು ಗಂಧಮಾದನ ಪರ್ವತದ ಕಡೆಗೆ ನಡೆದರು. ಅಲ್ಲಿ ಬಿರುಗಾಳಿ, ಕಲ್ಲುಮಳೆ. ದ್ರೌಪದಿ ಬವಳಿ ಬಂದು ಬಿದ್ದಳು. ಆಗ ಭೀಮ ತನ್ನ ತೋಳಿನ ಬಲ ನಂಬಿ ಮುನ್ನುಗ್ಗಲಿಲ್ಲ, ಮಗ ಘಟೋತ್ಕಚನನ್ನು ನೆನೆದ. ಅವನೂ ಅವನ ಕಡೆಯ ರಾಕ್ಷಸರೂ ಎಲ್ಲರನ್ನೂ ಹೊತ್ತು ಬದರಿಗೆ ಮುಟ್ಟಿಸಿದರು. ಹತ್ತು ಸಾವಿರ ಆನೆಯ ಬಲದವನೇ ಕರೆದು ಸಹಾಯ ಕೇಳಿದ್ದಾನೆ. ನಿಮಗೆ ಯಾಕೆ ನಾಚಿಕೆ?

ಅದೇ ಭೀಮ ಮುಂದೆ ಒಂದು ಎಡವಟ್ಟೂ ಮಾಡಿದ. ಸೌಗಂಧಿಕಾ ಪುಷ್ಪದ ಕಥೆ ನಿಮಗೆ ಗೊತ್ತು. ದ್ರೌಪದಿ ಹೂ ಕೇಳಿದಳು, ಇವನು ಹೊರಟೇಬಿಟ್ಟ, ಕದಳೀವನದಲ್ಲಿ ಹನುಮಂತನ ಬಾಲ ಎತ್ತಲಾರದೆ ಬೆವತ. ಅಷ್ಟನ್ನು ಎಲ್ಲರೂ ರಸವತ್ತಾಗಿ ಹೇಳುತ್ತಾರೆ. ಇತ್ತ ಧರ್ಮರಾಯನಿಗೆ ಅಪಶಕುನಗಳು ಕಂಡು, ತಮ್ಮ ಎಲ್ಲಿ ಎಂದು ಗಾಬರಿಯಾಗಿ, ಎಲ್ಲರನ್ನೂ ಕಟ್ಟಿಕೊಂಡು ಹುಡುಕುತ್ತಾ ಬಂದದ್ದನ್ನು ಯಾರೂ ಹೇಳುವುದಿಲ್ಲ. ಸಿಕ್ಕಿದ ಮೇಲೆ ಅಪ್ಪಿಕೊಂಡ, ಇನ್ನೊಮ್ಮೆ ಹೀಗೆ ಮಾಡಬೇಡ ಎಂದೂ ಗದರಿದ. ಬಳೆ ಅಂಗಡಿ ಕಂಡರೆ ನಮ್ಮ ಚಿಕ್ಕವಳು ಕೈ ಬಿಡಿಸಿಕೊಂಡು ಓಡುತ್ತಾಳೆ. ಓಡಲಿ, ಹೇಳಿ ಓಡಲಿ.

ಈಗ ಬೆಟ್ಟದ ವಿಷಯ. ಶರನ್ನವರಾತ್ರಿಯಲ್ಲಿ ಕನಕದುರ್ಗಮ್ಮನಿಗೆ ದಿನಕ್ಕೊಂದು ಅಲಂಕಾರ. ಮೂಲಾ ನಕ್ಷತ್ರದ ದಿನ ಸರಸ್ವತಿಯ ಅಲಂಕಾರ, ಆ ದಿನದ ಜನಸಾಗರವನ್ನು ಹೇಳಲಾಗದು. ಕೆನಾಲ್ ರೋಡಿನ ವಿನಾಯಕನ ಗುಡಿಯ ಹತ್ತಿರ ಕ್ಯೂ ಶುರುವಾಗಿ ಘಾಟ್ ರೋಡಿನಲ್ಲಿ ಏರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮಕ್ಕಳ ಮುಂಗೈಗೆ ಹೆಸರು, ಮನೆಯವರ ಫೋನ್ ನಂಬರ್ ಇರುವ ಟ್ಯಾಗ್ ಕಟ್ಟುತ್ತಾರೆ. ಅದನ್ನು ಕಿತ್ತೆಸೆಯಬೇಡಿ. ‘ನಾನೇನು ಪಾಪುನಾ?’ ಅಂತ ದೊಡ್ಡವನು ಮುಖ ಊದಿಸುತ್ತಾನೆ, ಗೊತ್ತು. ಊದಿಸಲಿ, ಟ್ಯಾಗ್ ಕೈಯಲ್ಲಿರಲಿ.

ಕೈ ತಪ್ಪಿತೋ, ಅಲ್ಲೇ ನಿಲ್ಲಿ. ನೂಕುನುಗ್ಗಲು ಇದ್ದರೆ ಕಟಕಟೆಯ ಅಂಚಿಗೆ ಸರಿದು ನಿಲ್ಲಿ. ನೀವು ಹಿಂದಕ್ಕೆ ನುಗ್ಗಬೇಡಿ, ಹಿಂದಕ್ಕೆ ಬರುವ ಕೆಲಸ ನನ್ನದು. ಸಮವಸ್ತ್ರದ ಪೊಲೀಸರನ್ನೋ, ಮಕ್ಕಳ ಕೈ ಹಿಡಿದಿರುವ ಒಬ್ಬ ತಾಯಿಯನ್ನೋ, ಪ್ರಸಾದದ ಕೌಂಟರಿನಲ್ಲಿ ಕೂತವರನ್ನೋ ನೀವಾಗಿಯೇ ಮಾತಾಡಿಸಿ. ‘ನಿಮ್ಮಮ್ಮ ಆ ಕಡೆ ಇದ್ದಾರೆ, ಬಾ’ ಎಂದು ತಾವಾಗಿ ಬಂದು ಕರೆದವರ ಹಿಂದೆ ಮಾತ್ರ ಹೆಜ್ಜೆ ಇಡಬೇಡಿ. ತೆಲುಗು ಬರದಿದ್ದರೇನು, ‘ಮಾ ಅಮ್ಮ ಕನಬಡಟ್ಲೇದು’ ಅಂದರೆ ಸಾಕು, ಮಿಕ್ಕಿದ್ದನ್ನು ಕನ್ನಡದಲ್ಲೇ ಅಳಿ. ಈ ಊರಿನಲ್ಲಿ ಅರ್ಥವಾಗುತ್ತದೆ.

ನಿಂತಿರುವುದು ಎಷ್ಟು ಕಷ್ಟ ಎಂಬುದಕ್ಕೆ ಸರೂ ಬ್ರಯರ್ಲಿಯ ಬಾಳೇ ಸಾಕ್ಷಿ. 1986ರ ಸುಮಾರಿಗೆ ಮಧ್ಯಪ್ರದೇಶದ ಖಂಡ್ವಾದಲ್ಲಿ ಐದು ವರ್ಷದ ಹುಡುಗ. ಅಣ್ಣ ಗುಡ್ಡು ಜೊತೆ ಬುರ್ಹಾನ್‌ಪುರ ಸ್ಟೇಷನ್ನಿಗೆ ಹೋದ. ನಿದ್ದೆ ತಡೆಯಲಾಗದೆ ಬೆಂಚಿನ ಮೇಲೆ ಒರಗಿದ. ಇಲ್ಲೇ ಇರು, ಬರುತ್ತೇನೆ ಎಂದು ಅಣ್ಣ ಹೋದ. ಎಚ್ಚರವಾದಾಗ ಅಣ್ಣನಿಲ್ಲ, ಎದುರಿಗೊಂದು ರೈಲು ನಿಂತಿದೆ. ಅದರೊಳಗಿರಬಹುದೆಂದು ಹತ್ತಿದ, ರೈಲು ಹೊರಟಿತು, ಇಳಿದಾಗ ಕಲ್ಕತ್ತ. ಹೌರಾದ ಬೀದಿಗಳಲ್ಲಿ ವಾರಗಟ್ಟಲೆ ಅಲೆದ, ಹೂಗ್ಲಿಯಲ್ಲಿ ಮುಳುಗುವುದರಲ್ಲಿದ್ದ, ಒಳ್ಳೆಯವನಂತೆ ಕಂಡವನೊಬ್ಬನ ನಡತೆ ಸರಿಕಾಣದೆ ಓಡಿ ತಪ್ಪಿಸಿಕೊಂಡ. ಕೊನೆಗೆ ಹದಿಹರೆಯದ ಹುಡುಗನೊಬ್ಬ ಪೊಲೀಸರ ಹತ್ತಿರ ಕರೆದೊಯ್ದ. ಪೊಲೀಸರು ಕೇಳಿದರೆ ಹೇಳಲು ಇವನಿಗೆ ಮನೆತನದ ಹೆಸರು ಗೊತ್ತಿಲ್ಲ, ಊರಿನ ಹೆಸರು ಸರಿಯಾಗಿ ಬಾಯಿಗೆ ಬರುತ್ತಿಲ್ಲ. 1987ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದ ದಂಪತಿ ಅವನನ್ನು ದತ್ತು ತೆಗೆದುಕೊಂಡರು.

ದೊಡ್ಡವನಾದ ಮೇಲೆ ಗೂಗಲ್ ಅರ್ಥ್ ತೆರೆದು, ಕಲ್ಕತ್ತೆಯಿಂದ ಹೊರಡುವ ರೈಲು ಹಳಿಗಳ ಗುಂಟ ರಾತ್ರಿಗಟ್ಟಲೆ ಕಣ್ಣಾಡಿಸಿದ. ಅವನ ನೆನಪಿನಲ್ಲಿದ್ದದ್ದು ಸ್ಟೇಷನ್ನಿನ ಬಳಿಯ ನೀರಿನ ಟ್ಯಾಂಕು, ಹಳಿ ದಾಟುವ ಸೇತುವೆ, ಇಂಥವು. ಅವುಗಳಿಂದಲೇ ಬುರ್ಹಾನ್‌ಪುರ ಸಿಕ್ಕಿತು, ಅಲ್ಲಿಂದ ಖಂಡ್ವಾದ ಗಣೇಶ್ ತಲಾಯಿ ಬೀದಿ ಸಿಕ್ಕಿತು. 2012ರಲ್ಲಿ ಹೋಗಿ ನೋಡಿದರೆ ತಾಯಿ ಅದೇ ಓಣಿಯ ಸುತ್ತಮುತ್ತ ಇದ್ದಾಳೆ. ಮಗ ಬಂದರೆ ಇಲ್ಲಿಗೇ ಬರಬೇಕು ಎಂದು ಊರು ಬಿಟ್ಟಿರಲಿಲ್ಲ. 2016ರ ‘ಲಯನ್’ ಸಿನಿಮಾ ನೋಡಿದವರೆಲ್ಲ ಮಗನ ಹುಡುಕಾಟವನ್ನೇ ಹೊಗಳುತ್ತಾರೆ. ನನಗೋ ಆ ತಾಯಿಯೇ ದೊಡ್ಡವಳು.

ಚಿಕ್ಕವಳು ಈಗ ಕೇಳುತ್ತಾಳೆ, ಆ ಹುಡುಗ ಬೆಂಚಿನ ಮೇಲೇ ಕೂತಿದ್ದರೆ ಅಣ್ಣ ಬರುತ್ತಿದ್ದನಾ ಅಂತ. ಇಲ್ಲ ಪುಟ್ಟಿ. ಗುಡ್ಡು ಅದೇ ಹೊತ್ತಿನಲ್ಲಿ ರೈಲಿಗೆ ಸಿಕ್ಕು ತೀರಿಕೊಂಡಿದ್ದ. ಕಾಯುತ್ತಾ ನಿಂತರೆ ಕಾದವರೇ ಬರುತ್ತಾರೆಂದು ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ಬುರ್ಹಾನ್‌ಪುರದಿಂದ ಅವನ ಮನೆ 70 ಕಿಲೋಮೀಟರಿನಷ್ಟು ದೂರ, ಕಲ್ಕತ್ತೆಯಿಂದ ಸಾವಿರ ದಾಟುತ್ತದೆ. ಐದು ವರ್ಷದ ಕೂಸನ್ನು ರೈಲು ಹತ್ತಿದ್ದಕ್ಕಾಗಿ ದೂರಲಾಗದು. ನಿಮಗೆ ಐದಲ್ಲವಲ್ಲ.

ಆದ್ದರಿಂದ ಇಷ್ಟು ಕಲಿತು ಬನ್ನಿ. ಅಮ್ಮನ ಹೆಸರು ‘ಅಮ್ಮ’ ಅಲ್ಲ, ಅಜ್ಜನ ಹೆಸರು ‘ಅಜ್ಜ’ ಅಲ್ಲ. ಪೂರ್ತಿ ಹೆಸರು ಬಾಯಿಗೆ ಬರಬೇಕು. ಊರು, ತಾಲ್ಲೂಕು, ಜಿಲ್ಲೆ, ಮನೆ ಹತ್ತಿರದ ಗುಡಿ ಅಥವಾ ಶಾಲೆ. ಒಂದು ಫೋನ್ ನಂಬರಾದರೂ ಮಗ್ಗಿಯ ಹಾಗೆ ಬರಲಿ, ಅಮ್ಮನ ಮೊಬೈಲಿನೊಳಗೆ ಭದ್ರವಾಗಿರುವ ನಂಬರಿನಿಂದ ನಿಮಗೇನೂ ಉಪಯೋಗವಿಲ್ಲ. 1098 ಮಕ್ಕಳ ಸಹಾಯವಾಣಿ, 112 ಪೊಲೀಸರದು, ರೈಲಿನಲ್ಲಾದರೆ 139. ಇಷ್ಟೆಲ್ಲ ಬಾಯಿಪಾಠ ಯಾಕೆಂದರೆ, 2024ರ ಸೆಪ್ಟೆಂಬರ್ ಮೊದಲಲ್ಲಿ ಇದೇ ಊರಿನ ಬುಡಮೇರು ಹಳ್ಳ ಉಕ್ಕಿ ಸಿಂಗ್‌ನಗರದ ಕಡೆ ಮನೆಗಳು ಮುಳುಗಿದವು. ಕೃಷ್ಣೆಯ ಮೇಲಿನ ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್ಸ್‌ಗೂ ಮಿಕ್ಕಿ ನೀರು ಹರಿಯಿತು. ಅಂಥ ಹೊತ್ತಿನಲ್ಲಿ ಕರೆಂಟಿಲ್ಲ, ಮೊಬೈಲಿನಲ್ಲಿ ಚಾರ್ಜ್ ಇಲ್ಲ. ತಲೆಯೊಳಗೆ ಇದ್ದದ್ದಷ್ಟೇ ನಮ್ಮದು. ನಮ್ಮ ಕರ್ನಾಟಕದಿಂದಲೇ ಇಳಿದು ಬರುವ ಕೃಷ್ಣೆ ಇಲ್ಲಿ ಎಷ್ಟು ಅಗಲ ಎನ್ನುವುದನ್ನು ದುರ್ಗಾ ಘಾಟಿನಲ್ಲಿ ನಿಂತು ನೀವೇ ನೋಡುವಿರಂತೆ, ಮೆಟ್ಟಿಲಿನಿಂದ ಕೆಳಗೆ ಇಳಿಯದೆ.

ಇನ್ನೊಂದು ಮಾತಿದೆ, ಅದನ್ನು ಹೇಳಲು ಸ್ವಲ್ಪ ಹಿಂಜರಿಕೆ. ಚೆನ್ನೈ, ಹೌರಾ, ದೆಹಲಿ, ಹೈದರಾಬಾದ್ ಕಡೆಯ ಹಳಿಗಳೆಲ್ಲ ಕೂಡುವ ಜಂಕ್ಷನ್ ನಮ್ಮದು. ಕೈ ತಪ್ಪಿದ ಮಕ್ಕಳಷ್ಟೇ ಅಲ್ಲ, ಬೇಕೆಂದೇ ಮನೆ ಬಿಟ್ಟ ಮಕ್ಕಳೂ ಇಲ್ಲಿ ಇಳಿಯುತ್ತಾರೆ. ಅಂಥವರಿಗಾಗಿಯೇ 1989ರಲ್ಲಿ ಡಾನ್ ಬಾಸ್ಕೋ ಸಂಸ್ಥೆಯವರು ಈ ಊರಿನಲ್ಲಿ ನವಜೀವನ ಬಾಲಭವನ ಶುರುಮಾಡಿದರು. ಬಾಲನ್ಯಾಯ ಕಾಯ್ದೆಯ ಪ್ರಕಾರ ಹಾಗೆ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅವರು ಮನೆ ಹುಡುಕಿಕೊಡುತ್ತಾರೆ. ಆದರೆ ಮಗುವೇ ಊರಿನ ಹೆಸರನ್ನು ಸುಳ್ಳು ಹೇಳಿದರೆ ಅವರೇನು ಮಾಡಿಯಾರು? ಮಾರ್ಕ್ಸ್ ಕಮ್ಮಿ ಬಂದಿತ್ತು, ಅಪ್ಪ ಹೊಡೆದಿದ್ದ, ದುಡ್ಡು ಕದ್ದಿದ್ದೆ. ಈಗ ಯಾವ ಮುಖ ಹೊತ್ತು ಹೋಗಲಿ ಎಂಬ ಸಂಕೋಚ ಬಾಯಿ ಕಟ್ಟುತ್ತದೆ. ಕಾಡಿಗಿಂತ ಹೊಳೆಗಿಂತ ದಾಟಲು ಕಷ್ಟವಾದದ್ದು ಇದೇ ಎಂದು ನನಗನ್ನಿಸುತ್ತದೆ. ಮನೆಯಲ್ಲಿ ನಿಜಕ್ಕೂ ಹಿಂಸೆಯಿದ್ದರೆ ಅದನ್ನೂ ಅವರಿಗೇ ಹೇಳಬಹುದು, ಮರಳಿ ಅದೇ ಮನೆಗೆ ದಬ್ಬಲೇಬೇಕೆಂದೇನೂ ಇಲ್ಲ.

ನಿಮಗೂ ಒಂದಲ್ಲ ಒಂದು ದಿನ ಮನೆ ಬಿಟ್ಟು ಹೋಗಬೇಕೆಂದು ಸಿಟ್ಟು ಬಂದೀತು. ನಿಮ್ಮಮ್ಮನಿಗೂ ಬಂದಿತ್ತು, ಆ ಕಥೆ ಅವಳನ್ನೇ ಕೇಳಿ. ಹೊರಡುವುದೇ ಆದರೆ ನನ್ನ ಮನೆಗೆ ಹೊರಡಿ. ಹುಬ್ಬಳ್ಳಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಇದೆ. ಮೊದಲು ಫೋನ್ ಮಾಡಿ, ಎಷ್ಟು ಹೊತ್ತಾದರೂ ಎತ್ತುತ್ತೇನೆ. ಟಿಕೆಟ್ ನಾನು ತೆಗೆಸುತ್ತೇನೆ, ಕರೆತರಲು ನಾನೇ ಬರುತ್ತೇನೆ. ಆದರೆ ನಿಮ್ಮಮ್ಮನಿಗೆ ಹೇಳದೆ ಅಲ್ಲ.