ಖಾಲಿ ಗಾಡಿ ನೋಡಿ ಅಡ್ವಾನ್ಸ್ ಕೊಡಬೇಡಿ

ನಮ್ಮ ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯಲ್ಲಿ ಕಾರು ಕೊಳ್ಳುವವರು ಕೇಳುವುದು ಎರಡೇ ಮಾತು. "ಎತ್ತರ ಐತಾ?" "ಎಷ್ಟು ಕೊಡ್ತೈತೆ?" ಈ ಎರಡಕ್ಕೂ ಶೋರೂಮಿನವರ ಬಳಿ ಉತ್ತರ ಸಿದ್ಧ ಇರುತ್ತದೆ. ಅದಕ್ಕೇ ಹತ್ತು ಲಕ್ಷದೊಳಗಿನ ಪುಟ್ಟ ಎಸ್‌ಯುವಿಗಳು ಊರೂರಿಗೂ ಬಂದಿವೆ: ಟಾಟಾ ಪಂಚ್, ಹುಂಡೈ ಎಕ್ಸ್‌ಟರ್, ನಿಸಾನ್ ಮ್ಯಾಗ್ನೈಟ್, ರೆನೋ ಕೈಗರ್. ಸ್ವಲ್ಪ ಕೈ ಬಿಚ್ಚುವವರ ಮನೆ ಮುಂದೆ ನೆಕ್ಸಾನ್, ಬ್ರೆಝಾ. ನಾನು ಮೆಕ್ಯಾನಿಕ್. ಯಾವ ಕಂಪನಿಯ ಏಜೆಂಟನೂ ಅಲ್ಲ. ಗಾಡಿ ಕೊಳ್ಳುವ ಮುಂಚೆ "ಬಾಣ್ಣ, ಒಂದ್ಸಲ ನೋಡು" ಎಂದು ಕರೆದುಕೊಂಡು ಹೋಗುತ್ತಾರೆ; ಕೊಂಡು ಎರಡು ವರ್ಷವಾದ ಮೇಲೆ ಅದೇ ಗಾಡಿಯನ್ನು ನನ್ನ ಶೆಡ್ಡಿಗೇ ತರುತ್ತಾರೆ. ಆದ್ದರಿಂದ ಮೊದಲು ಹೇಳಿದ್ದಕ್ಕೂ ಆಮೇಲೆ ಆದದ್ದಕ್ಕೂ ತಾಳೆ ನೋಡುವ ಅವಕಾಶ ನನಗೆ ಉಂಟು.

1. ಎತ್ತರವನ್ನು ಐದು ಜನ ಕೂತ ಮೇಲೆ ಅಳೆಯಿರಿ

ಪಂಚ್‌ಗೆ 187 ಮಿಲಿಮೀಟರ್, ಎಕ್ಸ್‌ಟರ್‌ಗೆ 185, ಮ್ಯಾಗ್ನೈಟ್ ಮತ್ತು ಕೈಗರ್‌ಗೆ 205 ಎಂದು ಕಂಪನಿಗಳು ಬರೆದುಕೊಂಡಿವೆ. ಇದೆಲ್ಲ ಖಾಲಿ ಗಾಡಿಯ ಲೆಕ್ಕ. ಖಾಲಿ ಗಾಡಿ ತೋಟಕ್ಕೆ ಹೋಗುವುದಿಲ್ಲ. ಅಪ್ಪ, ಅಮ್ಮ, ಹೆಂಡತಿ, ಮಗ, ಜೊತೆಗೆ ಹಿಂಡಿ ಮೂಟೆ ಇದ್ದಾಗ ಹೋಗುತ್ತದೆ.

ನಾನು ಜೇಬಿನಲ್ಲಿ ಟೇಪು ಇಟ್ಟುಕೊಂಡೇ ಹೋಗುತ್ತೇನೆ. ಮಟ್ಟಸವಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಹೊಟ್ಟೆಯ ಕೆಳಗೆ ಎಲ್ಲಕ್ಕಿಂತ ತಗ್ಗಿನಲ್ಲಿ ಏನಿದೆ ಎಂದು ಹುಡುಕುತ್ತೇನೆ. ಕೆಲವು ಗಾಡಿಗಳಲ್ಲಿ ಅದು ಸೈಲೆನ್ಸರ್ ಪೈಪಿನ ಕ್ಲಾಂಪು, ಕೆಲವದರಲ್ಲಿ ಆಯಿಲ್ ಚೇಂಬರಿನ ಕೆಳಗಿನ ತಗಡು. ಅಲ್ಲಿಗೆ ಒಂದು ಅಳತೆ. ಆಮೇಲೆ ಬಂದವರನ್ನೆಲ್ಲ ಒಳಗೆ ಕೂರಿಸಿ ಇನ್ನೊಂದು ಅಳತೆ. ಶೋರೂಮಿನ ಹುಡುಗ "ಸಾರ್, ಇದನ್ನೆಲ್ಲ ಯಾರೂ ಕೇಳಲ್ಲ" ಎನ್ನುತ್ತಾನೆ, ಪಾಪ, ಅವನಿಗೂ ಆಶ್ಚರ್ಯ. ಟೇಪಿನಲ್ಲಿ ಕೆಲವು ಸೆಂಟಿಮೀಟರ್ ಇಳಿದದ್ದು ಕಾಣುತ್ತದೆ. ಹಿಂದಿನ ಸ್ಪ್ರಿಂಗ್ ಮೆತ್ತಗಿರುವ ಗಾಡಿ ಜಾಸ್ತಿ ಕುಸಿಯುತ್ತದೆ, ಗಟ್ಟಿ ಇರುವುದು ಕಮ್ಮಿ.

ನಮಗೆ ಇದು ಯಾಕೆ ಮುಖ್ಯ ಎಂದರೆ, ನಮ್ಮ ದಾರಿಯ ಕಷ್ಟ ಗುಂಡಿಯಲ್ಲ. ಟ್ರ್ಯಾಕ್ಟರ್ ಓಡಾಡಿದ ತೋಟದ ದಾರಿಯಲ್ಲಿ ಎರಡು ಕಡೆ ಚಕ್ರದ ಜಾಡು ಇಳಿದು ನಡುವೆ ದಿಬ್ಬ ಎದ್ದಿರುತ್ತದೆ. ಅದು ಗಾಡಿಯ ಹೊಟ್ಟೆಯನ್ನು ಉದ್ದಕ್ಕೂ ಉಜ್ಜುತ್ತದೆ. ಊರ ಒಳಗಿನ ಹಂಪುಗಳ ಮಾತು ಬೇಡ; ಮನೆಗೊಬ್ಬರು ಅವರವರ ಇಷ್ಟದಂತೆ ಹಾಕಿಸಿಕೊಂಡಿದ್ದಾರೆ. ಇಲ್ಲಿ ಈ ಗಾಡಿಗಳು ಮಾಮೂಲಿ ಚಿಕ್ಕ ಕಾರಿಗಿಂತ ನಿಜಕ್ಕೂ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವೆಲ್ಲ ಮುಂದಿನ ಚಕ್ರ ಎಳೆಯುವ ಗಾಡಿಗಳು. ಎತ್ತರ ಇದೆ ಎಂದು ಹಸಿ ಜೇಡಿಯಲ್ಲಿ ಇಳಿಸಿದರೆ ಮಾರುತಿ ಆಲ್ಟೊ ಎಲ್ಲಿ ಹೂತುಕೊಳ್ಳುತ್ತದೋ ಅಲ್ಲೇ ಇದೂ ಹೂತುಕೊಳ್ಳುತ್ತದೆ.

2. ಎಂಜಿನ್ನಿಗೆ ಪರೀಕ್ಷೆ ಅಲಿಪಿರಿಯ ಮೇಲೆ

ನಮ್ಮ ಕಡೆ ಗಾಡಿ ಕೊಂಡ ಮೇಲೆ ಮೊದಲ ದೊಡ್ಡ ಪಯಣ ತಿರುಪತಿಗೆ. ಮುಳಬಾಗಿಲು, ನಂಗಲಿ, ಪಲಮನೇರು, ಮೊಗಿಲಿ ಘಾಟು ಇಳಿದು ಚಿತ್ತೂರು. ಹೋಗುವಾಗ ಇಳಿಜಾರು, ಯಾವ ಗಾಡಿಯಾದರೂ ಓಡುತ್ತದೆ. ತಿರುಮಲ ಸರಿಸುಮಾರು ನಮ್ಮ ಕೋಲಾರದಷ್ಟೇ ಎತ್ತರದಲ್ಲಿದೆ. ದಾರಿಯುದ್ದಕ್ಕೂ ನಿಧಾನವಾಗಿ ಇಳಿದದ್ದನ್ನೆಲ್ಲ ಬೆಟ್ಟದ ಬುಡದ ಅಲಿಪಿರಿಯಿಂದ ಒಂದೇ ಏಟಿಗೆ ಹತ್ತಬೇಕು.

ಪಂಚ್‌ನ ಮಾಮೂಲಿ 1.2 ಲೀಟರ್ ಮೂರು ಸಿಲಿಂಡರ್ ಎಂಜಿನ್, ಎಕ್ಸ್‌ಟರ್‌ನ 1.2 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ ಎರಡೂ ಟರ್ಬೊ ಇಲ್ಲದವು. ಶಕ್ತಿ ಎಂಬತ್ತು ಚಿಲ್ಲರೆ ಕುದುರೆ, ಎಳೆತ 115 ನ್ಯೂಟನ್ ಮೀಟರ್ ಆಸುಪಾಸು. ಮ್ಯಾಗ್ನೈಟ್‌ನ ಟರ್ಬೊ ಇಲ್ಲದ 1.0 ಲೀಟರ್‌ಗೆ 72 ಕುದುರೆ, 96 ನ್ಯೂಟನ್ ಮೀಟರ್. ಅದರಲ್ಲೇ ಟರ್ಬೊ ಇರುವುದಕ್ಕೆ 100 ಕುದುರೆ, 160 ನ್ಯೂಟನ್ ಮೀಟರ್. ಗಾಡಿಯ ಸ್ವಂತ ತೂಕ ಒಂದು ಟನ್ ಹತ್ತಿರ. ಐದು ಜನ, ಲಗೇಜು ಸೇರಿದರೆ ಮೇಲೆ ಮುನ್ನೂರೈವತ್ತು, ನಾನೂರು ಕಿಲೋ. ಟರ್ಬೊ ಇಲ್ಲದ ಎಂಜಿನ್ ಎತ್ತರದ ಜಾಗದ ತೆಳು ಗಾಳಿಯಲ್ಲಿ ಇನ್ನಷ್ಟು ಸೊರಗುತ್ತದೆ. 800 ಮೀಟರ್ ಮೇಲೆ ಗಾಳಿ ಸುಮಾರು ಶೇ 8ರಷ್ಟು ತೆಳು. ಮೂರನೇ ಗೇರಿನಲ್ಲಿ ಹತ್ತಬೇಕಾದ ತಿರುವಿನಲ್ಲಿ ಎರಡಕ್ಕೆ ಬರುತ್ತೀರಿ, ಎರಡರಲ್ಲಿ ಎಂಜಿನ್ ಅರಚುತ್ತದೆ, ಯಾರೋ ಒಬ್ಬರು "ಎಸಿ ಆಫ್ ಮಾಡ್ರೋ" ಎನ್ನುತ್ತಾರೆ.

ಹಾಗಂತ ಟರ್ಬೊನೇ ಬೇಕು ಎಂದು ನಾನು ಹೇಳುವುದಿಲ್ಲ. ವರ್ಷಕ್ಕೊಮ್ಮೆ ತಿರುಪತಿ, ಉಳಿದ ದಿನ ಕೋಲಾರ, ಬಂಗಾರಪೇಟೆ ಎನ್ನುವವರಿಗೆ ಟರ್ಬೊ ಇಲ್ಲದ ಎಂಜಿನ್ನೇ ವಾಸಿ: ಕೆಲಸ ಕಮ್ಮಿ, ಆಯಿಲ್ ಬದಲಿಸುವುದು ಹತ್ತು ದಿನ ತಡವಾದರೂ ಸಹಿಸಿಕೊಳ್ಳುತ್ತದೆ. ಪ್ರತಿದಿನ ಹೆದ್ದಾರಿಯಲ್ಲಿ ಲಾರಿಗಳನ್ನು ದಾಟಿ ಬೆಂಗಳೂರಿಗೆ ಹೋಗಿಬರುವವರ ಲೆಕ್ಕ ಬೇರೆ. ಅವರು ಟರ್ಬೊಗೆ ದುಡ್ಡು ಹಾಕಲಿ, ಆಯಿಲ್ಲನ್ನು ಮಾತ್ರ ಗಡುವಿಗೆ ಮುಂಚೆಯೇ ಬದಲಿಸಲಿ.

ಇಳಿಯುವಾಗ ಒಂದು ಮಾತು. ಈ ಬೆಲೆಯ ಗಾಡಿಗಳ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಡ್ರಮ್ ಬ್ರೇಕು. ತಿರುಮಲದಿಂದ ತುಂಬಿದ ಗಾಡಿ ಇಳಿಸುವಾಗ ಎರಡನೇ ಗೇರಿನಲ್ಲಿ ಇಳಿಸಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಸುಟ್ಟ ವಾಸನೆ ನಿಮಗಿಂತ ಮುಂಚೆ ಕೆಳಗೆ ಬಂದಿರುತ್ತದೆ.

3. ಬಾಗಿಲ ಪಕ್ಕದ ಸ್ಟಿಕ್ಕರ್ ಓದಿ

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಟೈರ್ ಗಾಳಿಯ ಸ್ಟಿಕ್ಕರ್ ಇರುತ್ತದೆ. ಬಹಳ ಗಾಡಿಗಳಲ್ಲಿ ಎರಡು ಸಾಲು: ಇಬ್ಬರು ಕೂತಾಗ ಒಂದು, ಗಾಡಿ ತುಂಬಿದಾಗ ಇನ್ನೊಂದು. ತುಂಬಿದಾಗ ಹಿಂದಿನ ಟೈರಿಗೆ ಹೆಚ್ಚು ಬೇಕು. ಪಂಕ್ಚರ್ ಅಂಗಡಿಯಲ್ಲಿ "ಎಷ್ಟಣ್ಣ?" ಎಂದರೆ "ಎಲ್ಲಕ್ಕೂ ಮೂವತ್ಮೂರು ಹೊಡಿ" ಎನ್ನುವುದೇ ನಮ್ಮ ರೂಢಿ.

ಇನ್ನೊಂದು, ಸ್ಟೇರಿಂಗಿನ ಬಲಗಡೆ ಡ್ಯಾಶ್‌ಬೋರ್ಡಿನಲ್ಲಿ ಸೊನ್ನೆ, ಒಂದು, ಎರಡು, ಮೂರು ಎಂದು ಬರೆದ ಪುಟ್ಟ ಚಕ್ರ. ಹಿಂದೆ ಭಾರ ಬಿದ್ದಾಗ ಗಾಡಿಯ ಮೂತಿ ಮೇಲೇಳುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅದನ್ನು ತಗ್ಗಿಸಲು ಈ ಚಕ್ರ. ಎತ್ತರದ ಗಾಡಿಗಳಲ್ಲಿ ದೀಪವೂ ಎತ್ತರದಲ್ಲೇ ಇರುವುದರಿಂದ ಇದು ಇನ್ನೂ ಮುಖ್ಯ. ಡೆಲಿವರಿ ದಿನ ಸೊನ್ನೆಯಲ್ಲಿದ್ದದ್ದು ಮಾರುವ ದಿನವೂ ಸೊನ್ನೆಯಲ್ಲೇ ಇರುತ್ತದೆ.

4. ಮಂಡಿನೋವು ಇರುವವರನ್ನು ಕರೆದುಕೊಂಡು ಹೋಗಿ

ಈ ಗಾಡಿಗಳ ದೊಡ್ಡ ಗುಣ ಯಾವ ಜಾಹೀರಾತಿನಲ್ಲೂ ಸರಿಯಾಗಿ ಬರುವುದಿಲ್ಲ. ಸೀಟು ಸೊಂಟದ ಮಟ್ಟಕ್ಕಿರುತ್ತದೆ. ವಯಸ್ಸಾದವರು ಕೆಳಕ್ಕೆ ಕುಕ್ಕರಿಸಬೇಕಿಲ್ಲ, ಮೇಲಕ್ಕೆ ಹತ್ತಬೇಕಿಲ್ಲ, ಸುಮ್ಮನೆ ಜರುಗಿ ಕೂರಬಹುದು. ಪಂಚ್‌ನ ಬಾಗಿಲು 90 ಡಿಗ್ರಿಯವರೆಗೆ ತೆರೆಯುತ್ತದೆ, ಅದು ದೊಡ್ಡ ಅನುಕೂಲ. ಒಬ್ಬ ಅಜ್ಜಿ ಮೂರು ಗಾಡಿ ಹತ್ತಿ ಇಳಿದು, ಕೊನೆಗೆ "ಇದ್ರಲ್ಲಿ ಮಾತ್ರ ಸೀರೆಗೆ ಕೆಮ್ಮಣ್ಣು ಅಂಟಲ್ಲ ಕಣಪ್ಪಾ" ಎಂದರು. ಬಾಗಿಲ ಕೆಳಗಿನ ಪಟ್ಟಿಯನ್ನು ಬಾಗಿಲೇ ಮುಚ್ಚುತ್ತದೋ ಇಲ್ಲವೋ ಎಂಬುದನ್ನು ಅಲ್ಲಿಯವರೆಗೆ ನಾವ್ಯಾರೂ ನೋಡಿರಲಿಲ್ಲ.

ಹಿಂದೆ ಮೂವರು ದೊಡ್ಡವರು ಕೂತರೆ ಭುಜಕ್ಕೆ ಭುಜ ತಾಗುತ್ತದೆ, ಇದು ಈ ವರ್ಗದ ಎಲ್ಲ ಗಾಡಿಗಳ ದೋಷ. ಗಾಡಿ ಎತ್ತರವಾಗಿ ಕಾಣುತ್ತದೆ ಎಂದ ಮಾತ್ರಕ್ಕೆ ಅಗಲ ಬೆಳೆಯುವುದಿಲ್ಲ.

5. ಡಿಕ್ಕಿಯನ್ನು ನಿಮ್ಮ ಸಾಮಾನಿನಿಂದ ಅಳೆಯಿರಿ

ರೇಷ್ಮೆ ಬೆಳೆಯುವವರಿಗೆ ಡಿಕ್ಕಿಯ ಲೀಟರು ಲೆಕ್ಕಕ್ಕೆ ಬರುವುದಿಲ್ಲ. ಗೂಡು ಹಗುರ, ಆದರೆ ಜಾಗ ತಿನ್ನುತ್ತದೆ. ಒತ್ತಿ ತುಂಬುವಂತಿಲ್ಲ, ಗಾಳಿಯಾಡಬೇಕು, ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸುವಂತಿಲ್ಲ. ಕೋಲಾರದ ಗೂಡಿನ ಮಾರುಕಟ್ಟೆಗೆ ನಸುಕಿನಲ್ಲಿ ಹೊರಡುವವರಿಗೆ ಬೇಕಾದದ್ದು ಹಿಂದಿನ ಸೀಟು ಸಮತಟ್ಟಾಗಿ ಮಡಚುತ್ತದೆಯೇ, ಅರ್ಧ ಮಡಚಿ ಒಬ್ಬರು ಕೂರಬಹುದೇ ಎಂಬುದು. ಕಮ್ಮಿ ದರ್ಜೆಯ ವೇರಿಯಂಟಿನಲ್ಲಿ ಇಡೀ ಸೀಟು ಒಟ್ಟಿಗೇ ಮಡಚುವುದುಂಟು.

ಟಮೋಟ ಕ್ರೇಟು ಇಡಲು ಈ ಗಾಡಿ ಕೊಳ್ಳಬೇಡಿ. ಒಂದೊಂದು ಕ್ರೇಟು ಹದಿನೈದು ಕಿಲೋ, ಡಿಕ್ಕಿಯ ಹೊಸ್ತಿಲು ಎತ್ತರ. ಎತ್ತಿ ಇಳಿಸುವಷ್ಟರಲ್ಲಿ ಬಂಪರಿನ ಬಣ್ಣವೂ ಹೋಗುತ್ತದೆ, ನಿಮ್ಮ ಸೊಂಟವೂ ಹೋಗುತ್ತದೆ.

ಸಿಎನ್‌ಜಿ ಕೇಳುವವರು ಹೆಚ್ಚಾಗಿದ್ದಾರೆ. 2023ರಲ್ಲಿ ಬಂದ ಪಂಚ್ ಸಿಎನ್‌ಜಿಯಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ಡಿಕ್ಕಿಯ ನೆಲದಡಿ ಮಲಗಿಸಿದ್ದಾರೆ. ಒಳ್ಳೆಯ ಉಪಾಯ. ಆದರೂ 366 ಲೀಟರ್ ಇದ್ದದ್ದು 210ಕ್ಕೆ ಇಳಿಯುತ್ತದೆ, ಗ್ಯಾಸಿನಲ್ಲಿ ಪಿಕಪ್ಪೂ ಕಮ್ಮಿ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಮಾಡಿಸಬೇಕು ಎಂದರೆ ಅರ್ಧ ಜನ ಹುಬ್ಬೇರಿಸುತ್ತಾರೆ.

6. ಕೋಡಿ ಹರಿಯುವಾಗ ಎತ್ತರ ನಂಬಬೇಡಿ

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದ ಮೇಲೆ ಬತ್ತಿದ್ದ ಕೆರೆಗಳು ತುಂಬಿದವು. 2021ರ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದು ರಸ್ತೆಗಳ ಮೇಲೇ ನೀರು ಹರಿಯಿತು. ಅಷ್ಟು ವರ್ಷ ನೀರೇ ಕಾಣದ ನಮಗೆ ಅದರಲ್ಲಿ ಗಾಡಿ ಇಳಿಸುವ ಅಂದಾಜೇ ಇರಲಿಲ್ಲ. ಪಂಚ್ 370 ಮಿಲಿಮೀಟರ್ ನೀರು ದಾಟುತ್ತದೆ ಎಂದು ಕಂಪನಿ ಹೇಳುತ್ತದೆ. ಅದು ನಿಂತ ನೀರಿನ ಮಾತು. ಹರಿಯುವ ನೀರು ಅಳತೆ ಪಟ್ಟಿ ನೋಡಿಕೊಂಡು ಬರುವುದಿಲ್ಲ. ನೀರಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿಸಿ. ಸಿಲಿಂಡರಿನೊಳಗೆ ನೀರು ಹೋಗಿರುವಾಗ ಕೀ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಆ ಖರ್ಚು ಮಾಮೂಲಿ ಇನ್ಶೂರೆನ್ಸಿನಲ್ಲಿ ಬರುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂದು ಬೇರೆ ಕಟ್ಟಬೇಕು.

7. ಹತ್ತು ಲಕ್ಷದ ಗೆರೆ

4 ಮೀಟರಿನೊಳಗಿನ ಉದ್ದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿಯೊಳಗಿನ ಎಂಜಿನ್ ಇದ್ದರೆ ತೆರಿಗೆ ಕಮ್ಮಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು; ಮುಂಚೆ ಪೆಟ್ರೋಲಿಗೆ ಸೆಸ್ ಸೇರಿ ಶೇ 29 ಇತ್ತು. ಆದರೆ ರಾಜ್ಯದ ರಸ್ತೆ ತೆರಿಗೆ ಬೇರೆ ಇದೆ: 5ರಿಂದ 10 ಲಕ್ಷದವರೆಗೆ ಶೇ 14, ಅದರ ಮೇಲೆ 20 ಲಕ್ಷದವರೆಗೆ ಶೇ 17, ಸೆಸ್ ಪ್ರತ್ಯೇಕ. ಎಕ್ಸ್‌ಶೋರೂಮ್ 9.90 ಲಕ್ಷದ ಗಾಡಿಗೆ ತೆರಿಗೆ 1,38,600 ರೂಪಾಯಿ, 10.10 ಲಕ್ಷದ್ದಕ್ಕೆ 1,71,700. ಇಪ್ಪತ್ತು ಸಾವಿರದ ಸನ್‌ರೂಫ್ ಮೂವತ್ಮೂರು ಸಾವಿರ ತೆರಿಗೆಯನ್ನೂ ಜೊತೆಗೆ ಕರೆತರುತ್ತದೆ. ನಮ್ಮ ಬಿಸಿಲಿಗೆ ಸನ್‌ರೂಫ್ ಯಾಕೆ ಎಂಬುದು ನನಗಂತೂ ಅರ್ಥವಾಗಿಲ್ಲ, ಆದರೆ ಮಕ್ಕಳು ಕೇಳುತ್ತಾರೆ.

8. ಎಎಂಟಿ

ಗೇರನ್ನು ತಾನೇ ಬದಲಿಸುವ ಈ ಎಎಂಟಿ ಗಾಡಿ ಕೋಲಾರದ ಟ್ರಾಫಿಕ್ಕಿಗೆ, ನರಸಾಪುರದ ಕಾರ್ಖಾನೆಗೆ ಶಿಫ್ಟಿಗೆ ಹೋಗುವವರಿಗೆ ಚೆನ್ನ. ತೋಟದ ಏರಿನಲ್ಲಿ ರಿವರ್ಸ್ ತೆಗೆಯುವವರಿಗೆ ಬೇಡ. ಒಳಗಿರುವುದು ಅದೇ ಕ್ಲಚ್ಚು, ಒತ್ತುವುದು ಮಾತ್ರ ಯಂತ್ರ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿಕೊಂಡರೆ ಪ್ಲೇಟ್ ಸವೆಯುತ್ತದೆ.

9. ಸ್ಟಾರು ಗಾಡಿಗೆ, ಬೆಲ್ಟು ನಿಮಗೆ

2018ರಲ್ಲಿ ನೆಕ್ಸಾನ್, 2021ರಲ್ಲಿ ಪಂಚ್ ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದವು. 2023ರಲ್ಲಿ ಬಂದ ಎಕ್ಸ್‌ಟರ್ ಎಲ್ಲ ವೇರಿಯಂಟಿನಲ್ಲೂ ಆರು ಏರ್‌ಬ್ಯಾಗ್ ಕೊಟ್ಟಿತು. ರಾತ್ರಿ ಹೆದ್ದಾರಿಯಲ್ಲಿ ಟೈಲ್‌ಲೈಟ್ ಇಲ್ಲದ ಟ್ರ್ಯಾಕ್ಟರ್ ಎದುರಾಗುವ ನಮಗೆ ಇದು ಸಣ್ಣ ವಿಷಯವಲ್ಲ. ಆದರೆ ಮದುವೆಗೆ ಏಳು ಜನ ಹತ್ತಿಕೊಂಡು, ಮಗುವನ್ನು ಮುಂದೆ ತೊಡೆ ಮೇಲೆ ಕೂರಿಸಿಕೊಂಡು, ಬೆಲ್ಟಿನ ಕೊಂಡಿಗೆ ಸುಳ್ಳು ಕ್ಲಿಪ್ಪು ಸಿಕ್ಕಿಸಿ "ಫೈವ್ ಸ್ಟಾರ್ ಗಾಡಿ ಕಣಣ್ಣ" ಎನ್ನುವವರಿಗೆ ಏನು ಹೇಳುವುದು? ಆ ಕ್ಲಿಪ್ಪನ್ನು ನನ್ನ ಶೆಡ್ಡಿನಲ್ಲಿ ಕಂಡರೆ ಕಿತ್ತು ಡಬ್ಬಕ್ಕೆ ಹಾಕುತ್ತೇನೆ. ಕೆಲವರು ಮುನಿಸಿಕೊಂಡಿದ್ದಾರೆ.

10. ಸರ್ವೀಸ್ ಎಷ್ಟು ದೂರ

ಫೋರ್ಡ್ ಇಕೋಸ್ಪೋರ್ಟ್ 2013ರಲ್ಲಿ ಬಂದು ಈ ವರ್ಗಕ್ಕೇ ದಾರಿ ಮಾಡಿತು. 2021ರ ಸೆಪ್ಟೆಂಬರಿನಲ್ಲಿ ಕಂಪನಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಗಾಡಿ ಅದೇ ಗಾಡಿ, ಕೊಳ್ಳುವವರು ಕೇಳುವ ಪ್ರಶ್ನೆ "ಸರ್ವೀಸ್ ಎಲ್ಲಿ?" ಎಂದು ಬದಲಾಯಿತು. ಹೀಗಾಗಿ ಕೋಲಾರದಲ್ಲೇ ಸರ್ವೀಸ್ ಉಂಟೋ, ಬಂಪರು, ಹೆಡ್‌ಲೈಟು ಒಡೆದರೆ ಎಷ್ಟು ದಿನದಲ್ಲಿ ತರಿಸುತ್ತಾರೆ ಎಂದು ನೀವು ಕೊಳ್ಳಬೇಕೆಂದಿರುವ ಗಾಡಿಯನ್ನು ಇಟ್ಟುಕೊಂಡವರನ್ನೇ ಕೇಳಿ. ಶೋರೂಮಿನಲ್ಲಿ ಕೇಳಿ ಪ್ರಯೋಜನವಿಲ್ಲ. ಸ್ಟೆಪ್ನಿ ಇದೆಯೋ, ಬರೀ ಪಂಕ್ಚರ್ ಕಿಟ್ಟೋ ಎಂಬುದನ್ನು ಮಾತ್ರ ಡಿಕ್ಕಿ ಎತ್ತಿ ನೀವೇ ನೋಡಿ.

11. ಯಾರಿಗೆ ಬೇಡ

ಮನೆಯಲ್ಲಿ ನಾಲ್ಕೈದು ಜನ, ಡಾಂಬರು ರಸ್ತೆಯಿಂದ ಮನೆಗೆ ಅರ್ಧ ಕಿಲೋಮೀಟರ್ ಕಚ್ಚಾ ದಾರಿ, ವಯಸ್ಸಾದ ತಂದೆತಾಯಿ: ಇಂಥವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ಕೊಳ್ಳಿ. ಪುಸ್ತಕದಲ್ಲಿ ಲೀಟರಿಗೆ 19, 20 ಕಿಲೋಮೀಟರ್ ಎಂದಿದ್ದರೆ ಜನ, ಎಸಿ ಸೇರಿ ಹದಿನಾಲ್ಕು, ಹದಿನಾರು ಎಂದು ಲೆಕ್ಕ ಹಾಕಿಕೊಂಡೇ ಕೊಳ್ಳಿ. ದಿನಾ ತೋಟದಿಂದ ಮೂಟೆ, ಡ್ರಿಪ್ ಪೈಪು, ಮೋಟರು ಸಾಗಿಸುವವರು ಬೊಲೆರೊ ನೋಡಲಿ. ಅದೂ 4 ಮೀಟರಿನೊಳಗಿನದೇ, ಆದರೆ ಚಾಸಿಸ್ ಮೇಲೆ ಕೂತ ಬಾಡಿ, ಹಿಂದಿನ ಚಕ್ರದ ಎಳೆತ, ಡೀಸೆಲ್. ಒಳಗೆ ಕೂತರೆ ಸುಖವಿಲ್ಲ, ಸ್ಟೇರಿಂಗು ಭಾರ, ಮನೆಯವರು ಒಪ್ಪುವುದಿಲ್ಲ. ಮನೆಯವರು ಒಪ್ಪದಿದ್ದರೆ ಪುಟ್ಟ ಎಸ್‌ಯುವಿ ಕೊಂಡು, ಮೂಟೆಗೆ ಬಾಡಿಗೆ ಟೆಂಪೊ ಹಿಡಿಯಿರಿ. ತಿಂಗಳ ಬಾಡಿಗೆ ಒಂದು ಷಾಕ್ ಅಬ್ಸಾರ್ಬರ್ ಜೋಡಿಗಿಂತ ಹೆಚ್ಚಾಗದಿದ್ದರೆ ಅದೇ ಲಾಭ.