ಮದ್ದಿನ ಕುಪ್ಪಿ ಕಲಿಸುವ ಪಾಠ

ತಾಮ್ರ ಮತ್ತು ಸತುವಿನ ಮಿಶ್ರಲೋಹವೇ ಹಿತ್ತಾಳೆ ಎಂದು ತರಗತಿಯಲ್ಲಿ ಹೇಳಿ ನಾನು ಮುಂದಕ್ಕೆ ಹೋಗುತ್ತೇನೆ. ಒಂದು ಕೆಲಸಕ್ಕೆ ಇಂಥದ್ದೇ ಲೋಹ ಏಕೆ ಎಂಬ ಪ್ರಶ್ನೆಗೆ ಸಮಯ ಸಿಗುವುದಿಲ್ಲ. ಅದಕ್ಕೆ ಉತ್ತರವಾಗಿ ಒಂದು ಹಳೆಯ ವಸ್ತುವನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ.

19ನೇ ಶತಮಾನದ ಮೊದಲರ್ಧದ ಬಹುಪಾಲು ಕೋವಿಗಳಿಗೆ ನಳಿಗೆಯ ಬಾಯಿಂದಲೇ ಮದ್ದು ತುಂಬಬೇಕಿತ್ತು. ಬೇಟೆಗಾರರು ಮದ್ದನ್ನು ಲೋಹದ ಕುಪ್ಪಿಯಲ್ಲಿ ಒಯ್ಯುತ್ತಿದ್ದರು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೇಮ್ಸ್ ಡಿಕ್ಸನ್ ಅಂಡ್ ಸನ್ಸ್ ಇದರ ಹೆಸರಾಂತ ತಯಾರಕರು.

ಲೋಹದ ಆಯ್ಕೆ: ಮದ್ದು ಎಂದರೆ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಇದ್ದಿಲು ಮತ್ತು ಗಂಧಕದ ಮಿಶ್ರಣ. ಇದಕ್ಕೆ ಕಿಡಿಯೂ ಆಗದು, ತೇವವೂ ಆಗದು. ಕಲ್ಲಿಗೆ ತಾಗಿದರೆ ಕಬ್ಬಿಣ ಕಿಡಿ ಹಾರಿಸುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ. ತಾಮ್ರ, ಹಿತ್ತಾಳೆಗಳಲ್ಲಿ ಈ ಎರಡೂ ತೊಂದರೆ ಇಲ್ಲ.

ಒಡಲು: ತೆಳು ತಗಡನ್ನು ಅಚ್ಚಿನಲ್ಲಿಟ್ಟು ಒತ್ತಿ, ಕುಪ್ಪಿಯನ್ನು ಎರಡು ಹೋಳುಗಳಾಗಿ ಮಾಡುತ್ತಿದ್ದರು. ನಾಯಿ, ಹಕ್ಕಿ, ಎಲೆಗಳ ಉಬ್ಬುಚಿತ್ರವೂ ಅಚ್ಚಿನಿಂದಲೇ ಮೂಡುತ್ತಿತ್ತು. ನಾವು ಓದುವ ‘ಕುಟ್ಯತೆ’ ಎಂಬ ಗುಣ ಇದೇ. ಎರಡು ಹೋಳುಗಳ ಅಂಚು ಸೇರಿಸಿ ಬೆಸುಗೆ ಹಾಕಿದರೆ ಒಡಲು ಸಿದ್ಧ. ಹಳೆಯ ಕುಪ್ಪಿಯ ಪಕ್ಕದಲ್ಲಿ ಈ ಬೆಸುಗೆಯ ಗೆರೆಯನ್ನು ಗುರುತಿಸಬಹುದು.

ಬಾಯಿ: ಮೇಲ್ಭಾಗದ ಹಿತ್ತಾಳೆ ಮುಚ್ಚಳದಲ್ಲಿ ಸ್ಪ್ರಿಂಗ್ ಇರುವ ಸನ್ನೆ, ಅದು ಸರಿಸುವ ಚಿಕ್ಕ ತಡೆತಗಡು, ಅದರ ಮೇಲೊಂದು ಅಳತೆಯ ಕೊಳವೆ. ಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚಿ, ಕುಪ್ಪಿಯನ್ನು ತಲೆಕೆಳಗು ಮಾಡಿ ಸನ್ನೆ ಒತ್ತಿದರೆ ಮದ್ದು ಕೊಳವೆಗೆ ಇಳಿಯುತ್ತದೆ. ಸನ್ನೆ ಬಿಟ್ಟರೆ ತಡೆತಗಡು ಮುಚ್ಚಿಕೊಂಡು, ಕೊಳವೆಯಲ್ಲಿ ಒಂದು ಸಲಕ್ಕೆ ಬೇಕಾದಷ್ಟೇ ಉಳಿಯುತ್ತದೆ. ಹಲವು ಕುಪ್ಪಿಗಳಲ್ಲಿ ಕೊಳವೆಯ ಉದ್ದವನ್ನು ಹೆಚ್ಚು ಕಡಿಮೆ ಮಾಡಬಹುದಿತ್ತು. ಅಳತೆಯ ಗುರುತು ‘ಡ್ರಾಮ್’ಗಳಲ್ಲಿ, ಒಂದು ಡ್ರಾಮ್ ಎಂದರೆ ಸುಮಾರು 1.77 ಗ್ರಾಂ.

ಇಷ್ಟು ಜಾಣತನದ ರಚನೆಯಲ್ಲೂ ಒಂದು ಅಪಾಯ ಉಳಿದೇ ಇತ್ತು. ಈಗಷ್ಟೇ ಹಾರಿಸಿದ ನಳಿಗೆಯೊಳಗೆ ಕೆಂಡದ ಚೂರು ಉಳಿದಿದ್ದರೆ, ಸುರಿದ ಮದ್ದು ಹೊತ್ತಿಕೊಳ್ಳುತ್ತದೆ. ಆ ಬೆಂಕಿ ಕುಪ್ಪಿಗೆ ದಾಟಿದರೆ ಅದು ಕೈಯಲ್ಲೇ ಸಿಡಿಯುತ್ತದೆ. ಆದ್ದರಿಂದಲೇ, ಮದ್ದನ್ನು ಮೊದಲು ಬೇರೊಂದು ಅಳತೆಪಾತ್ರೆಗೆ ಸುರಿದುಕೊಂಡು, ಕುಪ್ಪಿಯನ್ನು ದೂರವಿಟ್ಟು, ಆಮೇಲೆ ನಳಿಗೆಗೆ ಹಾಕುವುದು ಸುರಕ್ಷಿತ ಕ್ರಮ.

ನಮ್ಮ ಪ್ರಯೋಗಾಲಯದ ನಿಯಮವೂ ಇದೇ ಅಲ್ಲವೇ? ಬಿಸಿ ಪ್ರನಾಳಕ್ಕೆ ಸೀಸೆಯಿಂದ ನೇರವಾಗಿ ರಾಸಾಯನಿಕ ಸುರಿಯಬೇಡಿ. ಬೇಕಾದಷ್ಟನ್ನು ಬೇರೆ ತೆಗೆದುಕೊಂಡು, ಸೀಸೆ ಮುಚ್ಚಿಟ್ಟು ಕೆಲಸ ಆರಂಭಿಸಿ. ಮುಂದಿನ ಪ್ರಾಯೋಗಿಕ ತರಗತಿಯಲ್ಲಿ ಈ ನಿಯಮದ ಕಾರಣ ಕೇಳುತ್ತೇನೆ, ಉತ್ತರ ಸಿದ್ಧವಿರಲಿ.