ಪಿಕಪ್ಪಿನ ಗೇರ್ ಬೀಳುತ್ತಿಲ್ಲ – ತಪ್ಪು ಗೇರಿನದೋ, ಕ್ಲಚ್ಚಿನದೋ?

ಹೋದ ಸಲದ ಗೋಡೆ ಪತ್ರಿಕೆಗೆ ನಾನು ನಮ್ಮೂರ ಸೋಮೇಶ್ವರ ಗುಡಿಯ ಬಗ್ಗೆ ಬರೆದಿದ್ದೆ. ಈ ಸಲ ನಮ್ಮ ಚಿಕ್ಕಪ್ಪನ ಹಳೇ ಪಿಕಪ್ ಬಗ್ಗೆ ಬರೆಯುತ್ತಿದ್ದೇನೆ. ಇದೂ ಒಂದು ಪಾಠವಾ ಅಂತ ನಗಬೇಡಿ. ಘರ್ಷಣೆ, ಬಲ, ಹಲ್ಲಿನ ಚಕ್ರ ಎಲ್ಲಾ ಇದರಲ್ಲಿ ಬರುತ್ತದೆ.

ಆ ಗಾಡಿ ನನಗಿಂತ ವಯಸ್ಸಿನಲ್ಲಿ ದೊಡ್ಡದು. ಚಿಕ್ಕಪ್ಪ ಅದರಲ್ಲಿ ಶುಂಠಿ, ಮೆಕ್ಕೆಜೋಳ ಹೇರಿಕೊಂಡು ಬಂದಳಿಕೆಯಿಂದ ಶಿರಾಳಕೊಪ್ಪಕ್ಕೆ, ಶಿಕಾರಿಪುರಕ್ಕೆ ಹೋಗುತ್ತಾರೆ. ಅವರ ಮನೆ ನಡೆಯೋದೇ ಆ ಬಾಡಿಗೆಯಿಂದ. ಶುಂಠಿ ಕೀಳೋ ಸಮಯದಲ್ಲಿ ಒಂದು ಶನಿವಾರ ಗಾಡಿ ಸ್ಟಾರ್ಟ್ ಆಯಿತು, ಆದರೆ ಯಾವ ಗೇರೂ ಬೀಳಲಿಲ್ಲ. ರಿವರ್ಸ್ ಹಾಕಿದರೆ ಕರ್ ಕರ್ ಅಂತ ಹಲ್ಲು ಕಡಿಯೋ ಶಬ್ದ. ಗ್ಯಾರೇಜಿನವರೊಬ್ಬರು ಬಂದು ಲಿವರ್ ಅಲ್ಲಾಡಿಸಿ, "ಗೇರ್ ಬಾಕ್ಸ್ ಹೋಗೇತಿ, ಇಳಿಸಬೇಕು" ಅಂದರು. ಅವರು ಹೇಳಿದ ದುಡ್ಡು ಕೇಳಿ ಚಿಕ್ಕಮ್ಮ ಮಾತಾಡದೆ ಒಳಗೆ ಹೋದರು. ಮನೆಯಲ್ಲಿ ಇದ್ದದ್ದು ಅಕ್ಕನ ಕಾಲೇಜ್ ಫೀಸಿಗೆ ಅಂತ ತೆಗೆದಿಟ್ಟ ದುಡ್ಡು ಮಾತ್ರ.

ಭಾನುವಾರ ಚಿಕ್ಕಪ್ಪ ಅಜ್ಜನನ್ನು ಕರೆತಂದರು. ಅಜ್ಜ ಹಿಂದೆ ಲಾರಿ ಓಡಿಸುತ್ತಿದ್ದವರು. ಈಗ ಕಣ್ಣು ಮಂಜಾಗಿದೆ. ಹಾಗಾಗಿ ಹೇಳೋದು ಅಜ್ಜ, ನೋಡೋದು ನಾನು ಅಂತ ಆಯಿತು.

ಮೊದಲು ಕ್ಲಚ್ ಅಂದರೇನು ತಿಳಿಯಿರಿ. ನಿಮ್ಮ ಎರಡು ಅಂಗೈ ಒತ್ತಿ ಹಿಡಿದು ಒಂದನ್ನು ತಿರುಗಿಸಿ. ಇನ್ನೊಂದೂ ತಿರುಗುತ್ತದೆ. ಅದು ಘರ್ಷಣೆಯಿಂದ. ಸ್ವಲ್ಪ ಬಿಡಿಸಿ ತಿರುಗಿಸಿದರೆ ಒಂದೇ ತಿರುಗುತ್ತದೆ. ಎಂಜಿನ್ ಕಡೆ ಫ್ಲೈವೀಲ್ ಅನ್ನೋ ಭಾರದ ಚಕ್ರ ಇದೆ, ಗೇರ್ ಬಾಕ್ಸ್ ಕಡೆ ಕ್ಲಚ್ ಪ್ಲೇಟ್ ಇದೆ. ಸ್ಪ್ರಿಂಗಿನ ಬಲದಿಂದ ಪ್ರೆಶರ್ ಪ್ಲೇಟ್ ಎರಡನ್ನೂ ಒತ್ತಿ ಹಿಡಿದಿರುತ್ತದೆ. ಪೆಡಲ್ ತುಳಿದಾಗ ಹಿಡಿತ ಬಿಡುತ್ತದೆ. ಆಗ ಎಂಜಿನ್ ತಿರುಗುತ್ತಿದ್ದರೂ ಗೇರ್ ಬಾಕ್ಸಿಗೆ ತಿರುಗು ಹೋಗುವುದಿಲ್ಲ, ಗೇರ್ ಬದಲಿಸಬಹುದು.

ಗೇರ್ ಯಾಕೆ ಬೇಕು? 15 ಹಲ್ಲಿನ ಚಕ್ರ 60 ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ ಅಂತ ಇಟ್ಟುಕೊಳ್ಳಿ. ಚಿಕ್ಕದು 4 ಸುತ್ತು ಹಾಕಿದರೆ ದೊಡ್ಡದು 1 ಸುತ್ತು. ವೇಗ ಕಾಲು ಭಾಗ ಆಯಿತು, ಆದರೆ ತಿರುಗಿಸೋ ಬಲ ಸುಮಾರು 4 ಪಟ್ಟು ಆಯಿತು. ಲೋಡು ಹೊತ್ತು ಕೆರೆ ಏರಿ ಹತ್ತುವಾಗ ಫಸ್ಟ್ ಗೇರ್ ಹಾಕೋದು ಇದಕ್ಕೇ.

ಅಜ್ಜನ ಮೊದಲ ಪರೀಕ್ಷೆ ಬಹಳ ಸುಲಭ. "ಎಂಜಿನ್ ಬಂದ್ ಮಾಡಿ ಗೇರ್ ಹಾಕು" ಅಂದರು. ಚಿಕ್ಕಪ್ಪ ಹಾಕಿದರು. ಒಂದು, ಎರಡು, ಮೂರು, ರಿವರ್ಸ್, ಎಲ್ಲಾ ಬೆಣ್ಣೆ ಹಂಗೆ ಬಿದ್ದವು! ಲಿವರಿನ ರಾಡು ಬಾಗಿದ್ದರೆ ಅಥವಾ ಒಳಗೆ ಏನಾದರೂ ಸಿಕ್ಕಿಕೊಂಡಿದ್ದರೆ ಎಂಜಿನ್ ಬಂದಾದಾಗಲೂ ಬೀಳುತ್ತಿರಲಿಲ್ಲ. ಎಂಜಿನ್ ಓಡುವಾಗ ಮಾತ್ರ, ಅದೂ ಎಲ್ಲಾ ಗೇರಿಗೂ ತೊಂದರೆ ಅಂದ್ರೆ, ಪೆಡಲ್ ತುಳಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅನುಮಾನ ಪಡಬೇಕು.

ಎರಡನೇ ಪರೀಕ್ಷೆಗೆ ಹ್ಯಾಂಡ್ ಬ್ರೇಕ್ ಎಳೆದು, ಗಾಡಿ ಮುಂದೆ ಯಾರೂ ನಿಲ್ಲದಂತೆ ನೋಡಿ, ಎಂಜಿನ್ ಸ್ಟಾರ್ಟ್ ಮಾಡಿದರು. ಪೆಡಲನ್ನು ಪಂಪ್ ಹೊಡೆದ ಹಾಗೆ ಹತ್ತು ಸಲ ತುಳಿದು ಒತ್ತಿ ಹಿಡಿದರು. ಫಸ್ಟ್ ಗೇರ್ ಬಿತ್ತು! ಸ್ವಲ್ಪ ಹೊತ್ತಿಗೆ, ಪೆಡಲ್ ಒತ್ತಿಯೇ ಇದ್ದರೂ ಗಾಡಿ ಮುಂದಕ್ಕೆ ಎಳೆಯತೊಡಗಿತು. ಕೂಡಲೇ ಬಂದ್ ಮಾಡಿದರು. ಅಜ್ಜ ನಕ್ಕು, "ಎಣ್ಣೆ ಸೋರ್ತೈತಿ, ಹುಡುಕು ಪುಟ್ಟಿ" ಅಂದರು.

ಈ ಗಾಡಿಯಲ್ಲಿ ಕ್ಲಚ್ಚಿಗೆ ಕೇಬಲ್ ಇಲ್ಲ, ಎಣ್ಣೆ ಇದೆ. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ಪೈಪಿಗೆ ತಳ್ಳುತ್ತದೆ. ಅದು ಗೇರ್ ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ರಾಡನ್ನು ನೂಕುತ್ತದೆ. ಎಣ್ಣೆ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಳಗೆ ಗಾಳಿ ಸೇರಿದರೆ ನಾವು ತುಳಿದದ್ದೆಲ್ಲ ಗಾಳಿ ಕುಗ್ಗಿಸೋದಕ್ಕೇ ಹೋಗುತ್ತದೆ. (ಸೂಜಿ ಇಲ್ಲದ ಸಿರಿಂಜಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ. ನೀರು ತುಂಬಿ ಒಮ್ಮೆ, ಖಾಲಿ ಒಮ್ಮೆ.)

ಡಬ್ಬಿ ನೋಡಿದೆ, ಎಣ್ಣೆ ಕೆಳಗಿನ ಗೆರೆಗಿಂತ ಕೆಳಗಿತ್ತು. ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆ ಚಿಕ್ಕಪ್ಪನ ಜೊತೆ ಗಾಡಿ ಕೆಳಗೆ ಹೋದೆ. ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಒದ್ದೆ! ಅಂಚು ಎತ್ತಿದರೆ ತೊಟತೊಟ ಸುರಿಯಿತು. ಅಕ್ಕ ಮೇಲೆ ಪೆಡಲ್ ಒತ್ತಿದಾಗ ರಾಡು ನನ್ನ ಉಗುರಿನಷ್ಟೂ ಸರಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಪರೀಕ್ಷೆಯಲ್ಲಿ ಫಸ್ಟ್ ಬಂದಷ್ಟು ಖುಷಿಯಾಯಿತು.

ಸೋಮವಾರ ಚಿಕ್ಕಪ್ಪ ಶಿರಾಳಕೊಪ್ಪದಿಂದ ಸಿಲಿಂಡರಿನ ರಬ್ಬರ್ ಕಿಟ್, ಬ್ರೇಕ್ ಆಯಿಲ್ ತಂದರು. ಗೇರ್ ಬಾಕ್ಸಿಗೆ ಹೇಳಿದ ದುಡ್ಡಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಕಿಟ್ ಹಾಕಿದ ಮೇಲೆ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ನಿಪ್ಪಲ್ ಸಡಿಲಿಸಬೇಕು, ಗುಳ್ಳೆ ಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಇಲ್ಲದಿದ್ದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ನಾನು ಡಬ್ಬಿ ಖಾಲಿಯಾಗದಂತೆ ಎಣ್ಣೆ ಹಾಕುತ್ತಿದ್ದೆ. ಒಂದು ಹನಿ ಬಾನೆಟ್ ಮೇಲೆ ಬಿತ್ತು, ಬೈಸಿಕೊಂಡೆ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಸಂಜೆಗೆ ಎಲ್ಲಾ ಗೇರ್ ಬಿದ್ದವು, ರಾತ್ರಿಯೇ ಶುಂಠಿ ಲೋಡು ಹೋಯಿತು.

ಆಮೇಲೆ ಜಗಲಿ ಮೇಲೆ ಕೂತು ಅಜ್ಜ ಬೇರೆ ಕಾಯಿಲೆಗಳನ್ನೂ ಹೇಳಿದರು. ಎಂಜಿನ್ ಜೋರಾಗಿ ಕೂಗಿ ಗಾಡಿ ಮಾತ್ರ ಓಡದಿದ್ದರೆ, ಸುಟ್ಟ ವಾಸನೆ ಬಂದರೆ, ಕ್ಲಚ್ ಜಾರುತ್ತಿದೆ, ಪ್ಲೇಟ್ ಸವೆದಿರಬಹುದು. ಅಂದ್ರೆ ನಮ್ಮದಕ್ಕೆ ತದ್ವಿರುದ್ಧ. ನ್ಯೂಟ್ರಲ್‌ನಲ್ಲಿ ಗುಂಯ್ ಶಬ್ದ ಬಂದು ಪೆಡಲ್ ತುಳಿದಾಗ ನಿಂತರೆ ಗೇರ್ ಬಾಕ್ಸಿನ ಬೇರಿಂಗ್ ನೋಡಬೇಕು. ತುಳಿದಾಗಲೇ ಶಬ್ದ ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗ್. ಒಂದೇ ಗೇರ್ ಮಾತ್ರ ಕಡಿದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿರುತ್ತದೆ. ಈ ರಿಂಗ್ ಹಲ್ಲು ಕೂಡುವ ಮೊದಲು ಎರಡರ ವೇಗವನ್ನೂ ಸಮ ಮಾಡುತ್ತದೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಈ ವ್ಯವಸ್ಥೆ ಬಂತು. ಅದಿಲ್ಲದ ಗಾಡಿ ಓಡಿಸೋರು ಎರಡು ಸಲ ಕ್ಲಚ್ ತುಳಿದು ಗೇರ್ ಬದಲಿಸಬೇಕಿತ್ತಂತೆ. ಅಜ್ಜ ಕೂತಲ್ಲೇ ಕಾಲು ಆಡಿಸಿ ತೋರಿಸಿದರು. ಇನ್ನು ಸುಮ್ಮನೆ ಪೆಡಲ್ ಮೇಲೆ ಕಾಲಿಟ್ಟುಕೊಂಡು ಓಡಿಸಿದರೆ ಬೇರಿಂಗೂ ಪ್ಲೇಟೂ ಬೇಗ ಸವೆಯುತ್ತವೆ. ಇದನ್ನು ಹೇಳುವಾಗ ಅಜ್ಜ ಚಿಕ್ಕಪ್ಪನ ಕಡೆಗೇ ತಿರುಗಿದ್ದರು.

ಗ್ಯಾರೇಜಿನವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಈಗ ಇಳಿಜಾರಿನಲ್ಲಿ ಕಾಲು ಎತ್ತಿದರೆ ಎರಡನೇ ಗೇರ್ ತಾನೇ ಹಾರಿ ನ್ಯೂಟ್ರಲ್‌ಗೆ ಬರುತ್ತಿದೆ. ಇದು ಗೇರ್ ಬಾಕ್ಸಿನ ಒಳಗಿನ ಸವೆತವೇ ಇರಬೇಕು ಅಂತ ಅಜ್ಜ ಹೇಳುತ್ತಾರೆ. ಶುಂಠಿ ಬಾಡಿಗೆ ಮುಗಿದ ಮೇಲೆ ಬಿಚ್ಚಿಸುತ್ತಾರಂತೆ. ಭಾನುವಾರವೇ ಬಿಚ್ಚಿಸಿ ಅಂತ ಚಿಕ್ಕಪ್ಪನಿಗೆ ಹೇಳಿಟ್ಟಿದ್ದೇನೆ.

– 7ನೇ ತರಗತಿ ವಿದ್ಯಾರ್ಥಿನಿ